ಕಾನ್ಫೆಡರೇಟ್ ಸಿಪಾಯಿಯಾಗಿದ್ದ ಪೂರ್ವಜನನ್ನು ಕಡತಗಳಲ್ಲಿ ಹುಡುಕುವ ಬಗೆ

ಅಮೆರಿಕದ ಅಂತರ್ಯುದ್ಧದಲ್ಲಿ, ಅಂದರೆ 1861ರಿಂದ 1865ರವರೆಗೆ, ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಪಕ್ಷದಲ್ಲಿ ಕಾದಿದ ಪೂರ್ವಜನನ್ನು ಹುಡುಕಲು ಹೊರಟವರಲ್ಲಿ ಬಹಳ ಮಂದಿ ಮೊದಲು ವಾಷಿಂಗ್ಟನ್ನಿಗೆ ಪಿಂಚಣಿ ಕಡತ ಕೇಳಿ ಬರೆಯುತ್ತಾರೆ. ಅಲ್ಲಿಂದ ‘ಇಲ್ಲ’ ಎಂದು ಉತ್ತರ ಬಂದಾಗ ಹುಡುಕಾಟವನ್ನೇ ಕೈಬಿಡುತ್ತಾರೆ. ಕೇಳಿದ ಜಾಗ ತಪ್ಪು, ಅಷ್ಟೇ. ತನ್ನ ಮೇಲೆಯೇ ಬಂದೂಕು ಹಿಡಿದವರಿಗೆ ಕೇಂದ್ರ ಸರ್ಕಾರ ಪಿಂಚಣಿ ಕೊಡಲಿಲ್ಲ. 1958ರಲ್ಲಿ ಕಾನೂನು ತಂದು ಅವರನ್ನೂ ಸೇರಿಸಿಕೊಂಡಿತಾದರೂ ಆ ಹೊತ್ತಿಗೆ ಸಿಪಾಯಿಗಳು ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡಿದ್ದರು. ಅವರಿಗೆ ಪಿಂಚಣಿ ಕೊಟ್ಟದ್ದು ದಕ್ಷಿಣದ ರಾಜ್ಯಗಳು, ತಂತಮ್ಮ ಖಜಾನೆಯಿಂದ, ತಂತಮ್ಮ ಕಾನೂನಿನಂತೆ. ಸೇವಾ ದಾಖಲೆಯ ಕಥೆ ಇದಕ್ಕೆ ತಿರುಗುಮುರುಗು. ಸೋತ ಸೇನೆಯ ಕಾಗದಪತ್ರ ಬಹುಪಾಲು ಗೆದ್ದವರ ಕೈ ಸೇರಿತು. ಇಂದಿಗೂ ಅದು ಇರುವುದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ‘ರೆಕಾರ್ಡ್ ಗ್ರೂಪ್ 109’ ಎಂಬ ಸಂಗ್ರಹದಲ್ಲಿ.

ಸೇವೆಯ ಕಾಗದ ಕೇಂದ್ರದಲ್ಲಿ, ಪಿಂಚಣಿಯ ಕಾಗದ ರಾಜ್ಯದಲ್ಲಿ. ಈ ಎರಡು ಕಾಗದಗಳ ಸ್ವಭಾವವೂ ಬೇರೆ. ಮೊದಲನೆಯದು ಯುದ್ಧದ ನಡುವೆ ಸೇನೆಯ ಗುಮಾಸ್ತ ತನ್ನ ಲೆಕ್ಕಕ್ಕಾಗಿ ಬರೆದುಕೊಂಡದ್ದು: ಯಾರು ಹಾಜರಿದ್ದರು, ಯಾರಿಗೆ ಸಂಬಳ ಸಂದಿದೆ. ಎರಡನೆಯದು ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಕೈಲಾಗದ ಮುದುಕನೊಬ್ಬ, ಅಥವಾ ಅವನ ವಿಧವೆ, ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಹೇಳಿದ್ದು. ಮೊದಲನೆಯದರಲ್ಲಿ ಆ ಮನುಷ್ಯ ಎಲ್ಲಿದ್ದ ಎಂಬುದು ಸಿಗುತ್ತದೆ. ಅವನು ಯಾರ ಮಗ, ಯಾರ ಗಂಡ, ಯಾವ ಊರಿನವನು ಎಂಬುದು ಹೆಚ್ಚಾಗಿ ಸಿಗುವುದು ಎರಡನೆಯದರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದದೆ ‘ಇವನೇ ನಮ್ಮವನು’ ಎಂದು ಹೇಳಲಾಗದು.

ನಮ್ಮ ಹಳ್ಳಿಗಳಲ್ಲಾದರೆ ಮನೆತನದ ವಂಶಾವಳಿಯನ್ನು ತಲೆಮಾರುಗಟ್ಟಲೆ ಹೇಳುವ ಹೆಳವರಿದ್ದರು. ಅಲ್ಲಿ ಹಾಗೆ ಹೇಳುವವರಿಲ್ಲ, ಕಾಗದವೇ ಹೆಳವ. ಡಲ್ಲಾಸ್, ಅಟ್ಲಾಂಟಾ ಕಡೆಯ ಹಳೆಯ ಮನೆತನದೊಂದಿಗೆ ಬೀಗತನ ಬೆಳೆಸಿದ ಕನ್ನಡಿಗರು ಮೊಮ್ಮಕ್ಕಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯಲು ಕೂತರೆ, ಈ ಕಾಗದಗಳ ದಾರಿ ಗೊತ್ತಿರಲೇಬೇಕು.

ಯುದ್ಧಕ್ಕೆ ಮೊದಲು ಊರು

ಹೆಸರು ಹಿಡಿದು ನೇರವಾಗಿ ಸೇನೆಯ ಪಟ್ಟಿಗೆ ಹೋಗಬೇಡಿ. ಮೊದಲು 1860ರ ಜನಗಣತಿಯಲ್ಲಿ ಆತ ಯಾವ ಕೌಂಟಿಯಲ್ಲಿದ್ದ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ. ಆ ಗಣತಿಯಲ್ಲಿ ಮನೆಯವರೆಲ್ಲರ ಹೆಸರು, ವಯಸ್ಸು ಇರುತ್ತದೆ. ಆದರೆ ಯಜಮಾನನಿಗೆ ಅವರು ಏನಾಗಬೇಕು ಎಂಬ ಕಾಲಂ ಬಂದದ್ದು 1880ರ ಗಣತಿಯಲ್ಲಿ. ಹಾಗಾಗಿ 1860ರ ಪುಟದಲ್ಲಿ ಒಂದೇ ಮನೆಯಲ್ಲಿರುವ ಹುಡುಗನನ್ನು ಮಗನೆಂದೇ ತಿಳಿಯಬೇಡಿ, ತಮ್ಮನ ಮಗನೂ ಇರಬಹುದು.

ಕೌಂಟಿ ಯಾಕೆ ಇಷ್ಟು ಮುಖ್ಯವೆಂದರೆ, ಸೇನೆ ಕಟ್ಟಿದ್ದೇ ಊರೂರಿನಿಂದ. ಒಂದು ಕಂಪನಿಯಲ್ಲಿ ಹೆಚ್ಚುಕಡಿಮೆ ನೂರು ಜನ. ಅವರು ಸಾಮಾನ್ಯವಾಗಿ ಒಂದೇ ಕೌಂಟಿಯ ಅಣ್ಣತಮ್ಮಂದಿರು, ಭಾವಮೈದುನರು, ನೆರೆಹೊರೆಯವರು. ಅಂಥ ಹತ್ತು ಕಂಪನಿ ಸೇರಿ ಒಂದು ಕಾಲ್ದಳ ರೆಜಿಮೆಂಟ್. ಕಂಪನಿಗಳಿಗೆ ‘ಎ’ಯಿಂದ ‘ಕೆ’ವರೆಗೆ ಅಕ್ಷರ ಕೊಡುತ್ತಿದ್ದರು, ನಡುವೆ ‘ಜೆ’ ಬಿಟ್ಟು, ಏಕೆಂದರೆ ಕೈಬರಹದಲ್ಲಿ ಅದು ‘ಐ’ ಜತೆ ಗೊಂದಲವಾಗುತ್ತದೆ. ಮನೆಯವರು ‘ಅಜ್ಜ ಜೆ ಕಂಪನಿಯಲ್ಲಿದ್ದ’ ಎಂದರೆ ಅದು ಬಹುಶಃ ‘ಐ’ ಕಂಪನಿ.

ವಯಸ್ಸನ್ನೂ ಲೆಕ್ಕ ಹಾಕಿ. 1862ರ ಏಪ್ರಿಲ್‌ನಲ್ಲಿ ಬಂದ ಕಡ್ಡಾಯ ಸೇನಾ ಭರ್ತಿಯ ಕಾನೂನು 18ರಿಂದ 35 ವರ್ಷದ ಬಿಳಿಯ ಗಂಡಸರನ್ನು ಹಿಡಿಯಿತು. ಅದೇ ಸೆಪ್ಟೆಂಬರ್‌ನಲ್ಲಿ ಮಿತಿ 45ಕ್ಕೆ ಏರಿತು. 1864ರ ಫೆಬ್ರವರಿಯಲ್ಲಿ 17ರಿಂದ 50ಕ್ಕೆ ಬಂತು, ಆದರೆ ತೀರ ಎಳೆಯರನ್ನೂ 45 ದಾಟಿದವರನ್ನೂ ತಮ್ಮ ರಾಜ್ಯದ ಕಾವಲಿಗೆ, ರಿಸರ್ವ್ ಪಡೆಗಳಿಗೆ ಹಾಕಿದರು. 1862ರಲ್ಲಿ 40 ದಾಟಿದವನು ಮುಂಚೂಣಿಯ ಪಟ್ಟಿಯಲ್ಲಿ ಕಾಣದಿದ್ದರೆ ಆಶ್ಚರ್ಯಪಡಬೇಕಿಲ್ಲ. ಆತನ ಹೆಸರು ರಾಜ್ಯದ ಮಿಲಿಷಿಯಾ, ಅಂದರೆ ನಾಗರಿಕರ ಕಾವಲು ಪಡೆಯ, ಪಟ್ಟಿಯಲ್ಲಿರಬಹುದು, ಆ ಪಟ್ಟಿಗಳು ಆಯಾ ರಾಜ್ಯದ ಪತ್ರಾಗಾರದಲ್ಲಿರುತ್ತವೆ. ಹಣವಂತರಿಗೆ ಇನ್ನೊಂದು ಬಾಗಿಲೂ ಇತ್ತು. 1862ರ ಅಕ್ಟೋಬರ್‌ನ ಕಾನೂನಿನಂತೆ 20 ಅಥವಾ ಹೆಚ್ಚು ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯನಿಗೆ ಭರ್ತಿಯಿಂದ ವಿನಾಯಿತಿ. ಆದ್ದರಿಂದ 1860ರ ಗುಲಾಮರ ಗಣತಿಯ ಪುಟವನ್ನೂ ತೆರೆದು ನೋಡಿ. ಅಲ್ಲಿ ಯಜಮಾನನ ಹೆಸರಿರುತ್ತದೆ. ಅವನ ಹಿಡಿತದಲ್ಲಿದ್ದ ಮನುಷ್ಯರಿಗೆ ಹೆಸರಿಲ್ಲ, ವಯಸ್ಸು, ಲಿಂಗ, ಬಣ್ಣ ಮಾತ್ರ. ನೋಡಲು ಸಂಕಟವಾಗುವ ಪುಟ ಅದು. ಆದರೆ ಆ ಯುದ್ಧ ಯಾವುದನ್ನು ಉಳಿಸಿಕೊಳ್ಳಲು ನಡೆಯಿತು ಎಂಬುದು ನಿಮ್ಮ ಕುಟುಂಬದ ಮಟ್ಟಿಗೆ ಬರೆದಿರುವುದು ಅಲ್ಲೇ. ಅದನ್ನು ಬಿಟ್ಟು ಬರೆದ ವಂಶಚರಿತ್ರೆ ಅರ್ಧದ್ದು.

ಸೇವಾ ಕಾರ್ಡುಗಳನ್ನು ಓದುವುದು

1865ರ ಏಪ್ರಿಲ್ ಮೊದಲ ವಾರ ರಾಜಧಾನಿ ರಿಚ್ಮಂಡ್ ಬಿಟ್ಟು ಓಡುವಾಗ ಕಾನ್ಫೆಡರೇಟ್ ಸೇನಾ ಕಚೇರಿಯವರು ಕಡತಗಳಲ್ಲಿ ಒಂದು ಪಾಲನ್ನು ರೈಲಿಗೆ ಹಾಕಿ ಒಯ್ದರು. ಅದು ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ ಉತ್ತರದ, ಅಂದರೆ ಕೇಂದ್ರ ಸರ್ಕಾರದ ಪರವಾದ, ಯೂನಿಯನ್ ಸೇನೆಯ ಕೈ ಸೇರಿತು. ಮುಂದೆ 1903ರಲ್ಲಿ ಯುದ್ಧ ಕಾರ್ಯದರ್ಶಿ ಎಲಿಹು ರೂಟ್ ದಕ್ಷಿಣದ ಗವರ್ನರುಗಳಿಗೆ ಬರೆದು ಅವರ ಬಳಿಯಿದ್ದ ಪಟ್ಟಿಗಳನ್ನು ನಕಲಿಗಾಗಿ ಎರವಲು ಕೇಳಿದರು. ಗುಮಾಸ್ತರು ಮಸ್ಟರ್ ರೋಲ್ (ದಳದ ಹಾಜರಿ ಪಟ್ಟಿ), ಸಂಬಳದ ರಸೀತಿ, ಆಸ್ಪತ್ರೆಯ ರಿಜಿಸ್ಟರ್, ಸೆರೆಮನೆಯ ಪಟ್ಟಿ ಎಲ್ಲವನ್ನೂ ಸಾಲುಸಾಲಾಗಿ ಓದಿ, ಒಬ್ಬ ಸಿಪಾಯಿಯ ಹೆಸರು ಕಂಡಲ್ಲೆಲ್ಲ ಒಂದೊಂದು ಕಾರ್ಡು ಬರೆದು, ಅವನ ಲಕೋಟೆಯಲ್ಲಿ ಹಾಕುತ್ತ ಹೋದರು. ಕೆಲಸ ಮುಗಿದಾಗ 1927. ಇವತ್ತು ನಾವು ‘ಸಂಕಲಿತ ಸೇವಾ ದಾಖಲೆ’ ಎನ್ನುವುದು ಈ ಲಕೋಟೆಯನ್ನೇ. ಅಂದರೆ ನಿಮ್ಮ ಕೈಗೆ ಬರುವುದು ಮೂಲವಲ್ಲ, ನಕಲು. ಹಳೆಯ ಕೈಬರಹವನ್ನು ಗುಮಾಸ್ತ ತಪ್ಪಾಗಿ ಓದಿದ್ದರೆ ಆ ತಪ್ಪೂ ಕಾರ್ಡಿನಲ್ಲಿ ಕೂತಿರುತ್ತದೆ.

ಹೆಸರು ಹುಡುಕಲು ಎಂ253 ಎಂಬ ಒಟ್ಟು ಸೂಚಿ ಇದೆ, ಮೈಕ್ರೋಫಿಲ್ಮಿನ 535 ಸುರುಳಿ. ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ಎರಡೂ ಪಕ್ಷದ ಸಿಪಾಯಿಗಳ ಹೆಸರನ್ನು ಉಚಿತವಾಗಿ ಹುಡುಕಬಹುದು. ಅಲ್ಲಿರುವ ಹೆಸರು 63 ಲಕ್ಷ, ಆದರೆ ನಿಜವಾಗಿ ಕಾದಿದವರು ಸುಮಾರು 35 ಲಕ್ಷ ಎಂಬ ಅಂದಾಜು. ಒಬ್ಬನೇ ಎರಡು ಮೂರು ರೆಜಿಮೆಂಟಿನಲ್ಲಿ ದುಡಿದದ್ದು, ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದದ್ದು, ಇದರಿಂದಲೇ ಇಷ್ಟು ಅಂತರ. ಕಾರ್ಡುಗಳ ಚಿತ್ರ ಫೋಲ್ಡ್‌ಥ್ರೀ ತಾಣದಲ್ಲಿದೆ, ಅದಕ್ಕೆ ಚಂದಾ ಬೇಕು. ರಾಷ್ಟ್ರೀಯ ಪತ್ರಾಗಾರದ ಕಚೇರಿಗಳಲ್ಲಿರುವ ಕಂಪ್ಯೂಟರಿನಲ್ಲಿ ಪುಕ್ಕಟೆ ನೋಡಬಹುದು.

ಹುಡುಕುವಾಗ ಪೂರ್ತಿ ಹೆಸರು ಹಾಕಿದರೆ ಸಾಕಾಗದು. ದಕ್ಷಿಣದವರಲ್ಲಿ ಮೊದಲಕ್ಷರಗಳಿಂದಲೇ ಕರೆಯುವ ರೂಢಿ ಹೆಚ್ಚು. ಜಾನ್ ವಿಲಿಯಂ ಎಂಬಾತ ಪಟ್ಟಿಯಲ್ಲಿ ಬರೀ ‘ಜೆ. ಡಬ್ಲ್ಯು.’ ಆಗಿರುತ್ತಾನೆ. ಮೊದಲಕ್ಷರ ಮಾತ್ರ, ಎರಡನೇ ಹೆಸರು ಮಾತ್ರ, ಮನೆತನದ ಹೆಸರನ್ನು ಕಿವಿಗೆ ಕೇಳಿದಂತೆ ಬರೆದ ರೂಪಗಳು, ಎಲ್ಲವನ್ನೂ ಹಾಕಿ ನೋಡಬೇಕು. ರೆಜಿಮೆಂಟಿನ ಹೆಸರನ್ನೂ ಪೂರ್ತಿ ಬರೆದುಕೊಳ್ಳಿ. ‘ಒಂದನೇ ವರ್ಜೀನಿಯಾ’ ಎಂದರೆ ಕಾಲ್ದಳವೂ ಆಗಬಹುದು, ಅಶ್ವದಳವೂ ಆಗಬಹುದು. ಫಿರಂಗಿ ದಳಗಳಿಗಂತೂ ಹೆಚ್ಚಾಗಿ ಕ್ಯಾಪ್ಟನ್ನನ ಹೆಸರೇ ಹೆಸರು. ಕ್ಯಾಪ್ಟನ್ ಬದಲಾದರೆ ದಳದ ಹೆಸರೂ ಬದಲು.

ಇನ್ನು ಒಂದು ಕಾರ್ಡನ್ನು ಹತ್ತಿರದಿಂದ ನೋಡೋಣ. ಮೇಲ್ಗಡೆ ‘ಕಾನ್ಫೆಡರೇಟ್’ ಎಂಬ ಅಚ್ಚು, ಎಡಕ್ಕೆ ರೆಜಿಮೆಂಟಿನ ಸಂಖ್ಯೆ, ಬಲಕ್ಕೆ ರಾಜ್ಯ. ಅದರ ಕೆಳಗೆ ಹೆಸರು, ದರ್ಜೆ, ಕಂಪನಿ. ಆಮೇಲೆ ಅಚ್ಚಾದ ಪ್ರಶ್ನೆಗಳು, ಕೈಬರಹದ ಉತ್ತರ: ಯಾವ ತಿಂಗಳುಗಳ ಮಸ್ಟರ್ ರೋಲ್, ಸೇರಿದ್ದು ಯಾವಾಗ, ಎಲ್ಲಿ, ಯಾರು ಸೇರಿಸಿಕೊಂಡರು, ಎಷ್ಟು ಅವಧಿಗೆ, ಕಡೆಯ ಸಂಬಳ ಯಾರಿಂದ, ಯಾವ ದಿನದವರೆಗೆ, ಹಾಜರೋ ಗೈರೋ, ಷರಾ. ತೀರ ಕೆಳಗೆ ನಕಲು ಮಾಡಿದ ಗುಮಾಸ್ತನ ಸಹಿ. ಕಣ್ಣು ಹೋಗುವುದು ‘ಹಾಜರು’ ಎಂಬ ಪದದ ಮೇಲೆ. ಆದರೆ ಹೆಚ್ಚು ಬೆಲೆ ಬಾಳುವುದು ‘ಎಲ್ಲಿ ಸೇರಿದ’ ಎಂಬ ಸಾಲು. ಅದು 1860ರ ಗಣತಿಯ ಕೌಂಟಿಯೊಂದಿಗೆ ಹೊಂದಿದರೆ ನೀವು ಸರಿದಾರಿಯಲ್ಲಿದ್ದೀರಿ. ಹೊಂದದಿದ್ದರೆ ಅದೇ ಹೆಸರಿನ ಬೇರೆಯವನ ಲಕೋಟೆ ತೆರೆದಿರುವ ಸಾಧ್ಯತೆ ಬಲವಾಗಿದೆ.

ಮಸ್ಟರ್ ರೋಲ್ ಎರಡು ತಿಂಗಳಿಗೊಮ್ಮೆ: ಫೆಬ್ರವರಿ, ಏಪ್ರಿಲ್, ಜೂನ್, ಆಗಸ್ಟ್, ಅಕ್ಟೋಬರ್, ಡಿಸೆಂಬರ್ ಕೊನೆಯ ದಿನ. ಅಂದರೆ ‘ಹಾಜರು’ ಎಂಬುದು ಎಣಿಕೆಯ ದಿನದ ಮಾತು. ಆ ಎರಡು ತಿಂಗಳಲ್ಲಿ ನಡೆದ ಪ್ರತಿ ಕಾಳಗದಲ್ಲೂ ಆತ ಇದ್ದ ಎಂದು ಅದರಿಂದ ಹೇಳಲು ಬರುವುದಿಲ್ಲ. ‘ಗೈರು’ ಎಂದರೂ ಓಡಿಹೋದ ಎಂದಲ್ಲ. ಷರಾದಲ್ಲಿ ‘ರಜೆ’, ‘ಚಿಂಬೊರಾಜೊ ಆಸ್ಪತ್ರೆ’, ‘ಶತ್ರುವಿನ ಸೆರೆ’ ಎಂದೇನಾದರೂ ಇದೆಯೇ ನೋಡಿ. ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 11 ಡಾಲರ್, 1864ರ ಜೂನ್‌ನಲ್ಲಿ ಅದು 18 ಆಯಿತು. ಆ ನೋಟಿನ ಬೆಲೆ ಅಷ್ಟರಲ್ಲಿ ನೆಲಕಚ್ಚಿತ್ತು. ಸಂಬಳ ಬಾರದ ತಿಂಗಳುಗಳು, ಬೆಳೆಯ ಕೊಯ್ಲಿಗೆ ಸರಿಯಾಗಿ ಬೀಳುವ ಗೈರುಹಾಜರಿ, ಇವೆರಡನ್ನೂ ಸೇರಿಸಿ ಓದಿದರೆ ಹೆಂಡತಿ ಮಕ್ಕಳನ್ನು ಹೊಲದಲ್ಲಿ ಬಿಟ್ಟು ಬಂದ ರೈತನ ಪಾಡು ಕಾಣುತ್ತದೆ.

ತಪ್ಪು ತೀರ್ಮಾನಕ್ಕೆ ಬರುವ ಎರಡು ಜಾಗಗಳಿವೆ. ಒಂದು, 1862ರ ವಸಂತ. ಹನ್ನೆರಡು ತಿಂಗಳಿಗೆಂದು ಸೇರಿದ್ದವರನ್ನು ಕಡ್ಡಾಯ ಕಾನೂನು ಮೂರು ವರ್ಷಕ್ಕೆ ಹಿಡಿದಿಟ್ಟಿತು, ರೆಜಿಮೆಂಟುಗಳನ್ನು ಹೊಸದಾಗಿ ಜೋಡಿಸಿದರು. ಲಕೋಟೆ ಅಲ್ಲಿಗೆ ನಿಂತರೆ ಅದೇ ಊರಿನ ಬೇರೆ ರೆಜಿಮೆಂಟಿನಲ್ಲಿ ಮುಂದಿನ ಭಾಗ ಹುಡುಕಿ. ಎರಡು, 1865. ಕೊನೆಯ ತಿಂಗಳುಗಳ ಎಷ್ಟೋ ಪಟ್ಟಿಗಳನ್ನು ಬರೆದೇ ಇಲ್ಲ, ಬರೆದವೂ ಹಲವು ಉಳಿದಿಲ್ಲ. ಕೊನೆಯ ಕಾರ್ಡು 1864ರ ಡಿಸೆಂಬರಿನದು ಎಂಬ ಕಾರಣಕ್ಕೆ ‘ಆಮೇಲೆ ಓಡಿಹೋದ’ ಎಂದು ಬರೆಯುವುದು ಸತ್ತವನಿಗೆ ಮಾಡುವ ಅನ್ಯಾಯ.

ಸೆರೆ ಸಿಕ್ಕಿದ್ದರೆ ಹುಡುಕುವವರ ಅದೃಷ್ಟ ಎನ್ನಬೇಕು, ಏಕೆಂದರೆ ಯೂನಿಯನ್ ಸೇನೆ ಲೆಕ್ಕ ಚೆನ್ನಾಗಿ ಇಟ್ಟಿತು. ಪಾಯಿಂಟ್ ಲುಕೌಟ್, ಎಲ್ಮೈರಾ, ಕ್ಯಾಂಪ್ ಡಗ್ಲಸ್, ಫೋರ್ಟ್ ಡೆಲವೇರ್, ಅಧಿಕಾರಿಗಳಾದರೆ ಜಾನ್ಸನ್ಸ್ ಐಲೆಂಡ್, ಈ ಸೆರೆಶಿಬಿರಗಳ ಪಟ್ಟಿಗಳಿಂದ ಬರೆದ ಕಾರ್ಡುಗಳಿವೆ. ಬಿಡುಗಡೆಗೆ ನಿಷ್ಠೆಯ ಪ್ರಮಾಣ ಮಾಡಿದವನ ಕಾರ್ಡಿನಲ್ಲಿ ಊರು, ಮೈಬಣ್ಣ, ಕೂದಲು, ಕಣ್ಣು, ಎತ್ತರ ಬರೆದಿರುತ್ತಾರೆ. ಫೋಟೋ ಇಲ್ಲದ ಮುತ್ತಜ್ಜನ ರೂಪ ಸಿಗುವುದು ಹೆಚ್ಚಾಗಿ ಇಲ್ಲಿ ಮಾತ್ರ. 1863ರ ಜುಲೈ 4ರಂದು ಮಿಸಿಸಿಪ್ಪಿಯ ವಿಕ್ಸ್‌ಬರ್ಗ್ ಪಟ್ಟಣ ಶರಣಾದಾಗ ಸಿಪಾಯಿಗಳಿಂದ ಒಬ್ಬೊಬ್ಬರಾಗಿ ಪೆರೋಲ್ ಚೀಟಿಗೆ, ಅಂದರೆ ಸೆರೆವಿನಿಮಯವಾಗುವವರೆಗೆ ಆಯುಧ ಹಿಡಿಯುವುದಿಲ್ಲ ಎಂಬ ಮಾತಿಗೆ, ಸಹಿ ಹಾಕಿಸಿಕೊಂಡರು. ಕೆಲವರ ಲಕೋಟೆಯಲ್ಲಿ ಆ ಚೀಟಿಯೇ ಇದೆ, ಅಜ್ಜನ ಸಹಿ, ಇಲ್ಲವೇ ಅಕ್ಷರ ಬಾರದವನ ಗೀಟು.

ಲಕೋಟೆಯ ಮೇಲೆ ಅಚ್ಚುಕಟ್ಟಾಗಿ ಕಾರ್ಡುಗಳ ಸಂಖ್ಯೆ ಬರೆದಿರುತ್ತದೆ. ಒಳಗಿರುವ ಕಾರ್ಡುಗಳನ್ನು ಅದರೊಂದಿಗೆ ತಾಳೆ ನೋಡಿ. ‘ಇದನ್ನೂ ನೋಡಿ’ ಎಂಬ ಸೂಚನೆ ಇದ್ದರೆ ಬಿಡಬೇಡಿ. ಯಾವ ಲಕೋಟೆಗೂ ಸೇರದೆ ಉಳಿದ ಚೀಟಿಗಳನ್ನು ಎಂ347 ಎಂಬ ಪ್ರತ್ಯೇಕ ಸಂಗ್ರಹದಲ್ಲಿ ಅಕಾರಾದಿಯಾಗಿ ಇಟ್ಟಿದ್ದಾರೆ. ಅದನ್ನು ನೋಡದೆ ಹುಡುಕಾಟ ಮುಗಿಯಿತು ಎನ್ನುವ ಹಾಗಿಲ್ಲ.

ಪಿಂಚಣಿ: ಕಾದಿದ ರಾಜ್ಯವಲ್ಲ, ಮುಪ್ಪು ಕಳೆದ ರಾಜ್ಯ

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಪಿಂಚಣಿ ಕೊಟ್ಟದ್ದು ಅರ್ಜಿ ಹಾಕುವಾಗ ಆತ ವಾಸವಿದ್ದ ರಾಜ್ಯ. ಯುದ್ಧದ ನಂತರ ದಿವಾಳಿಯಾದ ಸಾವಿರಾರು ಕುಟುಂಬಗಳು ಪಶ್ಚಿಮಕ್ಕೆ ಗುಳೆ ಹೋದವು. ಅಲಬಾಮಾದ ರೆಜಿಮೆಂಟಿನವನ ಪಿಂಚಣಿ ಕಡತ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವುದು ತೀರ ಸಾಮಾನ್ಯ. ಹಾಗಾಗಿ 1880, 1900, 1910ರ ಗಣತಿಯಲ್ಲಿ ಆತನ ಬೆನ್ನುಹತ್ತಿ ಎಲ್ಲಿ ಹೋದ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. 1910ರ ಗಣತಿಯ 30ನೇ ಕಾಲಂ ಇದಕ್ಕೆಂದೇ ಇದೆ. ಬದುಕಿರುವ ಕಾನ್ಫೆಡರೇಟ್ ಸಿಪಾಯಿಯ ಮುಂದೆ ‘ಸಿಎ’ ಎಂದೂ ನಾವಿಕನ ಮುಂದೆ ‘ಸಿಎನ್’ ಎಂದೂ ಬರೆದಿರುತ್ತದೆ. ಯೂನಿಯನ್ನಿನವರಿಗೆ ‘ಯುಎ’, ‘ಯುಎನ್’.

ಯಾವ ವರ್ಷದಿಂದ ಪಿಂಚಣಿ ಸಿಗುತ್ತಿತ್ತು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಲಬಾಮಾ ಮತ್ತು ನಾರ್ತ್ ಕ್ಯಾರೊಲೈನಾ 1867ರಷ್ಟು ಹಿಂದೆಯೇ ಕೈಕಾಲು ಕಳೆದುಕೊಂಡವರಿಗೆ ನೆರವು ಶುರುಮಾಡಿದವು. ಬಡ ಸಿಪಾಯಿಗಳಿಗೆ ಬಂದದ್ದು ತಡವಾಗಿ: ಮಿಸಿಸಿಪ್ಪಿ, ವರ್ಜೀನಿಯಾ 1888, ಟೆನೆಸಿ, ಅರ್ಕಾನ್ಸಾ 1891, ಲೂಸಿಯಾನಾ 1898, ಟೆಕ್ಸಸ್ 1899. ಕೆಂಟಕಿ 1912, ಓಕ್ಲಹೋಮಾ 1915. ಮಿಸೂರಿ 1911ರಲ್ಲಿ ಕೊಟ್ಟಿತು, ಆದರೆ ಸಿಪಾಯಿಗೆ ಮಾತ್ರ, ವಿಧವೆಗಿಲ್ಲ. ಟೆನೆಸಿಯ ವಿಧವೆಯರು 1905ರವರೆಗೆ ಕಾಯಬೇಕಾಯಿತು. ಸೌತ್ ಕ್ಯಾರೊಲೈನಾದಲ್ಲಿ ಕಾನೂನು 1887ರದ್ದೇ, ಆದರೆ 1888ರಿಂದ 1918ರ ನಡುವಿನ ಅರ್ಜಿಗಳು ಉಳಿದದ್ದು ಕಡಿಮೆ. ಅಲ್ಲಿ 1919ರಿಂದ ಈಚಿನವನ್ನು ಮೊದಲು ನೋಡುವುದು ಜಾಣತನ. 1875ರಲ್ಲಿ ತೀರಿಕೊಂಡವನ ಹೆಸರಲ್ಲಿ ಇವ್ಯಾವುವೂ ಸಿಗುವುದಿಲ್ಲ. ಅವನ ಹೆಂಡತಿ ಇಪ್ಪತ್ತೈದು ವರ್ಷದ ನಂತರ ತನ್ನ ಹೆಸರಲ್ಲಿ ಅರ್ಜಿ ಹಾಕಿರಬಹುದು. ಆದ್ದರಿಂದ ಹುಡುಕಬೇಕಾದ ಹೆಸರು ಅಜ್ಜಿಯದು.

ಈ ಪಿಂಚಣಿ ಮೂಲತಃ ಬಡವರಿಗೆ. ಅನುಕೂಲಸ್ಥನಾಗಿದ್ದವನ ಕಡತ ಇಲ್ಲದಿರುವುದು ಸಹಜ. ಅರ್ಜಿಯಲ್ಲಿ ಎಷ್ಟು ಎಕರೆ ಜಮೀನಿದೆ, ಎಷ್ಟು ದನಕರು, ಯಾರು ಸಾಕುತ್ತಿದ್ದಾರೆ ಎಂದೆಲ್ಲ ಕೇಳುತ್ತಿದ್ದರು. ಹುಟ್ಟಿದ್ದೆಲ್ಲಿ, ಯಾವ ಕಂಪನಿ, ಗಾಯವಾದದ್ದು ಯಾವ ಕಾಳಗದಲ್ಲಿ, ಶರಣಾಗತಿಯ ದಿನ ದಳದ ಜತೆ ಇದ್ದೆಯಾ, ಇಲ್ಲದಿದ್ದರೆ ಯಾಕೆ. ವಿಧವೆಯಾದರೆ ಮದುವೆಯ ದಿನ, ಊರು, ಗಂಡ ತೀರಿಕೊಂಡದ್ದು ಯಾವಾಗ, ಮತ್ತೆ ಮದುವೆಯಾದೆಯಾ. ಕೋರ್ಟಿನ ಕಟ್ಟಡ ಸುಟ್ಟು ಮದುವೆಯ ದಾಖಲೆಯೇ ಇಲ್ಲವಾದ ಕೌಂಟಿಗಳಿಗೆ ಈ ಒಂದು ಸಾಲೇ ಆಧಾರ. ಜತೆಗೆ ಡಾಕ್ಟರ ಪ್ರಮಾಣಪತ್ರ, ಜತೆಗಿದ್ದ ಸಿಪಾಯಿಗಳಿಬ್ಬರ ಸಾಕ್ಷಿ. ಆ ಸಾಕ್ಷಿಗಳ ಹೆಸರನ್ನು ತಪ್ಪದೆ ಬರೆದುಕೊಳ್ಳಿ. ಅವರು 1860ರ ಗಣತಿಯಲ್ಲಿ ನಿಮ್ಮವನ ನೆರೆಮನೆಯವರಾಗಿ ಸಿಕ್ಕರೆ, ಅದೇ ಕಂಪನಿಯ ಕಾರ್ಡುಗಳಲ್ಲೂ ಸಿಕ್ಕರೆ, ಗುರುತು ಹೆಸರಿಗಿಂತ ಹತ್ತು ಪಟ್ಟು ಗಟ್ಟಿ. ತಿರಸ್ಕೃತ ಅರ್ಜಿಯನ್ನೂ ಕೇಳಿ ಪಡೆಯಿರಿ. ಅದೇ ಹೆಚ್ಚು ದಪ್ಪಗಿರುತ್ತದೆ, ಏಕೆಂದರೆ ಸಾಬೀತು ಮಾಡಲು ಆ ಮನುಷ್ಯ ಕಾಗದದ ಮೇಲೆ ಕಾಗದ ಸೇರಿಸುತ್ತ ಹೋಗಿರುತ್ತಾನೆ.

ಆದರೂ ನೆನಪು ನೆನಪೇ. ಎಪ್ಪತ್ತರ ಮುದುಕ ರೆಜಿಮೆಂಟಿನ ಸಂಖ್ಯೆ ತಪ್ಪು ಹೇಳುತ್ತಾನೆ, ಸೇರಿದ ವರ್ಷ ಹಿಂದಕ್ಕೆ ತಳ್ಳುತ್ತಾನೆ. ಓಡಿಹೋದವನಿಗೆ ಪಿಂಚಣಿ ಇಲ್ಲವಾದ್ದರಿಂದ ಆ ಭಾಗವನ್ನು ನುಂಗಿಕೊಳ್ಳುತ್ತಾನೆ. ದಿನಾಂಕಕ್ಕೆ ಕಾರ್ಡನ್ನು ನಂಬಿ, ನಂಟಿಗೆ ಅರ್ಜಿಯನ್ನು ನಂಬಿ.

ಕರಿಯರ ಹೆಸರಿನ ಪಿಂಚಣಿ ಕಡತಗಳೂ ಸಿಗುತ್ತವೆ, ಅವನ್ನು ತುಂಬ ಎಚ್ಚರದಿಂದ ಓದಬೇಕು. ಮಿಸಿಸಿಪ್ಪಿ 1888ರಿಂದಲೇ, ಟೆನೆಸಿ, ಸೌತ್ ಕ್ಯಾರೊಲೈನಾ, ವರ್ಜೀನಿಯಾ, ನಾರ್ತ್ ಕ್ಯಾರೊಲೈನಾ 1920ರ ದಶಕದಲ್ಲಿ, ಯುದ್ಧಕಾಲದಲ್ಲಿ ಯಜಮಾನನ ಜತೆ ಹೋಗಿ ಅಡುಗೆ, ಕುದುರೆ ಚಾಕರಿ, ಕಂದಕ ತೋಡುವ ಕೆಲಸ ಮಾಡಿದವರಿಗೆ ಚಿಕ್ಕ ಮೊತ್ತ ಕೊಟ್ಟವು. ಇದನ್ನು ನೋಡಿ ‘ನಮ್ಮಜ್ಜ ಕಾನ್ಫೆಡರೇಟ್ ಸಿಪಾಯಿ’ ಎಂದು ಬರೆಯುವುದು ತಪ್ಪು. ಅವರು ಗುಲಾಮರಾಗಿ ಒಯ್ಯಲ್ಪಟ್ಟವರು. ಕರಿಯರನ್ನು ಸಿಪಾಯಿಗಳಾಗಿ ಸೇರಿಸಿಕೊಳ್ಳುವ ಕಾನೂನು ಬಂದದ್ದೇ 1865ರ ಮಾರ್ಚ್ 13ರಂದು, ಕಾನ್ಫೆಡರೇಟ್ ಸೇನಾಪತಿ ಲೀ ಶರಣಾಗಲು ಒಂದು ತಿಂಗಳೂ ಉಳಿಯದಿದ್ದಾಗ. ಆದರೆ ಗುಲಾಮರಾಗಿದ್ದವರ ವಂಶ ಹುಡುಕುವವರಿಗೆ ಈ ಅರ್ಜಿ ಚಿನ್ನದಂಥದ್ದು. ಗಣತಿಯಲ್ಲಿ ಹೆಸರೇ ಇಲ್ಲದಿದ್ದ ಮನುಷ್ಯ ಇಲ್ಲಿ ತನ್ನ ಹೆಸರು, ಹುಟ್ಟಿದ ಊರು, ತನ್ನನ್ನು ಹಿಡಿದಿಟ್ಟವನ ಹೆಸರು ಹೇಳುತ್ತಾನೆ. ಒಡೆಯನ ಹೆಸರು ಸಿಕ್ಕರೆ 1860ಕ್ಕಿಂತ ಹಿಂದಕ್ಕೆ ದಾರಿ ತೆರೆಯುತ್ತದೆ.

ಎರಡೂ ಕಡೆ ಸಿಗದಿದ್ದರೆ

ಆತ ಪಕ್ಷ ಬದಲಿಸಿದ್ದನೇ ನೋಡಿ. ಸೆರೆಯಲ್ಲಿದ್ದ ಕಾನ್ಫೆಡರೇಟರನ್ನು ಸೇರಿಸಿ ಯೂನಿಯನ್ ಸೇನೆ 1864ರಿಂದ 1866ರ ನಡುವೆ ಆರು ಕಾಲ್ದಳ ರೆಜಿಮೆಂಟ್ ಕಟ್ಟಿ ಪಶ್ಚಿಮದ ಗಡಿಗೆ ಕಳಿಸಿತು. ಅವರ ಸೇವಾ ದಾಖಲೆ ಎಂ1017 ಎಂಬ ಮೈಕ್ರೋಫಿಲ್ಮ್ ಸಂಗ್ರಹದಲ್ಲಿದೆ. ನಾರ್ತ್ ಕ್ಯಾರೊಲೈನಾದ ಒಬ್ಬ ಸಿಪಾಯಿ ಕಾನ್ಫೆಡರೇಟ್ ದಳ ಬಿಟ್ಟು ಯೂನಿಯನ್ ದಳ ಸೇರಿದ್ದರಿಂದ ಅವನ ಮಗಳಿಗೆ ಕೇಂದ್ರದ ಪಿಂಚಣಿ, ತಿಂಗಳಿಗೆ 73.13 ಡಾಲರ್, ಆಕೆ 2020ರಲ್ಲಿ ತೀರಿಕೊಳ್ಳುವವರೆಗೂ ಬರುತ್ತಿತ್ತು. 1846–48ರ ಮೆಕ್ಸಿಕೊ ಯುದ್ಧದಲ್ಲೂ ಇದ್ದವನಾದರೆ 1887ರ ಕಾನೂನಿನಡಿ ಕೇಂದ್ರದ ಪಿಂಚಣಿ ಪಡೆದಿರಬಹುದು, ಮುಂದೆ ಕಾನ್ಫೆಡರೇಟ್ ಆಗಿದ್ದರೂ. ಈ ಎರಡು ಸಂದರ್ಭದಲ್ಲಿ ಮಾತ್ರ ವಾಷಿಂಗ್ಟನ್ನಿಗೆ ಪಿಂಚಣಿ ಕೇಳಿ ಬರೆಯುವುದಕ್ಕೆ ಅರ್ಥವಿದೆ.

ಸೇನೆಗೆ ಜೋಳ, ಮಾಂಸ, ಕುದುರೆ ಮಾರಿದ ರೈತನ ರಸೀತಿಗಳು ಎಂ346 ಎಂಬ ನಾಗರಿಕರ ಕಡತದಲ್ಲಿವೆ. ಟೆನೆಸಿ 1914ರಿಂದ 1922ರ ನಡುವೆ ಬದುಕಿದ್ದ ಹಳೆಯ ಸಿಪಾಯಿಗಳಿಗೆ ಪ್ರಶ್ನಾವಳಿ ಕಳಿಸಿತ್ತು. ಮರಳಿದ 1,600ಕ್ಕೂ ಹೆಚ್ಚು ಉತ್ತರಗಳಲ್ಲಿ ಮನೆ ಮರದ್ದೋ, ತಾಯಿ ಏನು ಕೆಲಸ ಮಾಡುತ್ತಿದ್ದಳು, ಅಪ್ಪನ ಬಳಿ ಗುಲಾಮರಿದ್ದರೇ, ಶಾಲೆ ಎಷ್ಟು ದೂರ ಎಂಬುದೆಲ್ಲ ಇದೆ. ಅಲಬಾಮಾದ 1907ರ ಮತ್ತು ಅರ್ಕಾನ್ಸಾದ 1911ರ ಸಿಪಾಯಿ ಗಣತಿಯನ್ನೂ ನೋಡಿ.

ಸಮಾಧಿಯ ಕಲ್ಲನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಖಾಸಗಿ ಸ್ಮಶಾನದಲ್ಲಿರುವ ಕಾನ್ಫೆಡರೇಟರಿಗೂ ಸರ್ಕಾರಿ ಕಲ್ಲು ಸಿಗುವಂತಾದದ್ದು 1929ರಲ್ಲಿ, ಅರ್ಜಿ ತುಂಬಿದವರು ಮಕ್ಕಳು ಮೊಮ್ಮಕ್ಕಳು. ತಲೆ ಚೂಪಾದ ಆ ಬಿಳಿ ಕಲ್ಲಿನ ಮೇಲೆ ಕೊರೆದ ರೆಜಿಮೆಂಟ್ ಹೆಸರು ಎಷ್ಟೋ ಸಲ ಅದೇ ಹೆಸರಿನ ಪಕ್ಕದ ಕೌಂಟಿಯವನದು. ಕಲ್ಲಿನಲ್ಲಿ ಕಂಡ ದಳವನ್ನು ಕಾರ್ಡಿನ ‘ಎಲ್ಲಿ ಸೇರಿದ’ ಎಂಬ ಸಾಲಿನೊಂದಿಗೆ, ಪಿಂಚಣಿ ಅರ್ಜಿಯ ಇಬ್ಬರು ಸಾಕ್ಷಿಗಳೊಂದಿಗೆ ತಾಳೆ ಹಾಕಿದ ಮೇಲೆಯೇ ವಂಶವೃಕ್ಷದಲ್ಲಿ ಬರೆಯಿರಿ, ಅಲ್ಲಿಯವರೆಗೆ ಪೆನ್ಸಿಲ್ಲಿನಲ್ಲಿರಲಿ.